ಒಂದು ಪಾಯಿಂಟ್ ನಾಲ್ಕು ಜನ

ಸಿಗ್ವೆ ಮೂರನೆಯ ವಾಫಲ್ ತಿಂದು ಮುಗಿಸಿದ. ಬೆರಳಿಗೆ ಅಂಟಿದ್ದ ಜಾಮನ್ನು ಕಾಗದಕ್ಕೆ ಒರೆಸಿಕೊಂಡ. ಆಮೇಲೆ ಎದ್ದು ನಿಂತು ಊರಮನೆಯ ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಒಂದು ಅಂಕಿ ಮೂಡಿಸಿದ: 1.4.

"ಇದು ನಿಮ್ಮ ಬೆಳಗಿನ ಬೋಟಿನ ಲೆಕ್ಕ," ಅಂದ. "ದಿನಕ್ಕೆ ಸರಾಸರಿ ಒಂದು ಪಾಯಿಂಟ್ ನಾಲ್ಕು ಜನ."

ನಾರ್ವೆಯ ಉತ್ತರ ಕರಾವಳಿಯಿಂದ ಬೋಟಿನಲ್ಲಿ ಒಂದೂಕಾಲು ಗಂಟೆ ದೂರದ ಸ್ಕಾರ್ವೊಯ ದ್ವೀಪದಲ್ಲಿ ಇರುವುದೇ ನಲವತ್ತಮೂರು ಜನ. ಅವತ್ತು ಅವರಲ್ಲಿ ಮೂವತ್ತೆಂಟು ಜನ ಊರಮನೆಯಲ್ಲಿ ಕೂತಿದ್ದರು. ಆ ಅಂಕಿ ನೋಡಿದ್ದೇ ತಡ, ಎಲ್ಲರ ಕಣ್ಣೂ ರಗ್ನಾಳ ಕಡೆ ತಿರುಗಿದವು.

"ಆ ಒಂದು ನಾನು," ಅಂದಳು ರಗ್ನಾ. "ಪಾಯಿಂಟ್ ನಾಲ್ಕು ಯಾರಪ್ಪ?"

"ನನ್ನ ನಾಯಿ ಇರ್ಬೇಕು," ಅಂದ ಹಿಂದಿನ ಸಾಲಿನಿಂದ ಮುದುಕ ಈವಾರ. "ಅದಕ್ಕೆ ಒಂದು ಕಾಲು ಕುಂಟು."

ಎಲ್ಲರೂ ನಕ್ಕರು. ಸಿಗ್ವೆಯೂ ನಕ್ಕ. ಜಿಲ್ಲಾ ಸಾರಿಗೆ ಕಚೇರಿಯಿಂದ ಬಂದಿದ್ದ ಅವನು ಕೆಟ್ಟವನೇನಲ್ಲ. ಮೂವತ್ತೈದರ ಆಸುಪಾಸು, ಒಳ್ಳೆ ಉಣ್ಣೆಯ ಸ್ವೆಟರು, ಮಾತೂ ಮೆತ್ತಗೆ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು, ವಾಫಲ್ ತಟ್ಟೆ ಕಿತ್ತುಕೊಂಡು ಅಟ್ಟಬಹುದಿತ್ತು. ಅವನು ನಗು ಮುಗಿಸಿ, ಅದೇ ಮೆತ್ತಗಿನ ದನಿಯಲ್ಲಿ, ನವೆಂಬರಿನಿಂದ ಬೆಳಗಿನ ಬೋಟು ವಾರಕ್ಕೆ ಐದು ದಿನದ ಬದಲು ಎರಡೇ ದಿನ ಬರುವುದೆಂದು ಪ್ರಸ್ತಾವವಿದೆ ಅಂದ.

ಕಾಫಿ ಬಗ್ಗಿಸುತ್ತಿದ್ದವರು ಪಾತ್ರೆ ಕೆಳಗಿಟ್ಟರು.

ರಗ್ನಾಳಿಗೆ ಐವತ್ತಾರು. ದಕ್ಕೆಯ ಪಕ್ಕದಲ್ಲಿ ಅವಳದೊಂದು ಏಡಿ ಶೆಡ್ಡು. ಮೀನುಗಾರರು ಹಿಡಿದು ತಂದ ಏಡಿಯನ್ನು ಅಲ್ಲಿ ಬೇಯಿಸಿ, ಆರು ಜನ ಕೂತು ಕೈಯಲ್ಲೇ ಬಿಡಿಸಿ, ಬಿಳಿ ಮಾಂಸ, ಕಂದು ಮಾಂಸ ಬೇರೆ ಮಾಡಿ, ಮತ್ತೆ ಅದೇ ಚಿಪ್ಪಿಗೆ ತುಂಬುತ್ತಾರೆ. ಬೆಳಗಿನ ಏಳರ ಬೋಟಿಗೆ ಎಂಟು ಥರ್ಮಾಕೋಲ್ ಪೆಟ್ಟಿಗೆ. ಪಟ್ಟಣದ ಹೋಟೆಲುಗಳಲ್ಲಿ ಅದೇ ಮಧ್ಯಾಹ್ನ ಬಡಿಸಬೇಕು. ನಿನ್ನೆಯ ಏಡಿ ಯಾರಿಗೂ ಬೇಡ. ದಿನಾ ಬೋಟಿಲ್ಲದಿದ್ದರೆ ಶೆಡ್ಡಿಲ್ಲ, ಶೆಡ್ಡಿಲ್ಲದಿದ್ದರೆ ಏಡಿ ಕೊಳ್ಳುವವರಿಲ್ಲ, ಆಮೇಲೆ ಮೂರು ಮೀನುಗಾರ ಮನೆಗಳು, ಆರು ಬಿಡಿಸುವ ಕೈಗಳು ಇಲ್ಲಿ ಯಾಕಿರಬೇಕು? ಇದನ್ನೆಲ್ಲ ಅವಳು ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು.

ಸಿಗ್ವೆ ಕಾಗದ ಮಗುಚಿ ನೋಡಿದ. "ಸರಕಿನ ಕಾಲಮಿನಲ್ಲಿ ಸೊನ್ನೆ ಇದೆಯಲ್ಲ ರಗ್ನಾ."

"ಸೊನ್ನೆನಾ? ದಿನಾ ಎಂಟು ಪೆಟ್ಟಿಗೆ ಕಳಿಸ್ತೀನಿ ಕಣ್ರೀ! ಹನ್ನೊಂದು ವರ್ಷದಿಂದ!"

"ಇರಬಹುದು. ಆದ್ರೆ ಒಂದಕ್ಕೂ ಸರಕಿನ ಚೀಟಿ ಇಲ್ಲ."

ಈಗ ಎಲ್ಲರ ಕಣ್ಣು ಟೋರ್ಫಿನ್ನನ ಮೇಲೆ. ಬೋಟಿನಲ್ಲಿ ಹಗ್ಗ ಕಟ್ಟುವವನು, ಟಿಕೆಟ್ ನೋಡುವವನು, ಹತ್ತಿದವರ ತಲೆಗೊಂದರಂತೆ ಕೈಯಲ್ಲಿರುವ ಎಣಿಕೆ ಯಂತ್ರವನ್ನು ಒತ್ತುವವನು ಅವನೇ. ಸ್ಕಾರ್ವೊಯದಲ್ಲೇ ಹುಟ್ಟಿದವನು. ಅವನ ಕಿವಿ ಕೆಂಪಾದವು.

"ನಮ್ಮೂರೋರ ಪೆಟ್ಟಿಗೆಗೆ ಯಾರಾದ್ರೂ ಚೀಟಿ ಹರೀತಾರಾ?" ಅಂದ. "ಡೆಕ್ಕಿನ ಮೇಲೆ ಇಟ್ಕೋತಿದ್ದೆ. ಆ ಕಡೆ ಇಳಿಸ್ತಿದ್ದೆ. ರಗ್ನಾಗೆ ಸಹಾಯ ಆಗ್ಲಿ ಅಂತ."

"ಆಯ್ತು ಕಣೋ ಸಹಾಯ," ಅಂದಳು ರಗ್ನಾ. "ಚೆನ್ನಾಗಿ ಆಯ್ತು."

ಅವನನ್ನು ಬೈದು ಏನು ಬಂತು? ತಪ್ಪು ಅವನೊಬ್ಬನದಲ್ಲ, ಇಡೀ ಊರಿನ ನಡವಳಿಕೆಯೇ ಹಾಗೆ. ಇಲ್ಲಿ ಯಾರಾದರೂ ಪಟ್ಟಣಕ್ಕೆ ಹೋಗುವುದಿದ್ದರೆ ಹಿಂದಿನ ಸಂಜೆ ದಕ್ಕೆಯ ಗೋಡೆಯ ಮೊಳೆಗೆ ಒಂದು ಹಳದಿ ಮಳೆಕೋಟು ತೂಗುಹಾಕುತ್ತಾರೆ. ಊರವರೆಲ್ಲ ತಮಗೆ ಬೇಕಾದ್ದನ್ನು ಬರೆದು ಅದರ ಜೇಬಿಗೆ ಹಾಕುತ್ತಾರೆ. ಹೋದವರು ಎಲ್ಲರದ್ದೂ ತರುತ್ತಾರೆ: ಔಷಧಿ, ಯೀಸ್ಟು, ಕನ್ನಡಕ, ಟ್ರ್ಯಾಕ್ಟರಿನ ಬೆಲ್ಟು, ಬ್ಯಾಂಕಿಗೆ ಕೊಡಬೇಕಾದ ಕಾಗದ, ಒಮ್ಮೆಯಂತೂ ಈವಾರನ ಹಲ್ಲಿನ ಸೆಟ್ಟು. ಹೆಚ್ಚಾಗಿ ಹೋಗುವವಳು ರಗ್ನಾ. ತನ್ನೊಂದು ಕೆಲಸಕ್ಕೆ ಒಬ್ಬನೇ ಹೋಗಿ, ಯಾರನ್ನೂ ಕೇಳದೆ, ಕೈಬೀಸಿಕೊಂಡು ಬಂದವನನ್ನು ಈ ಊರಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ದಕ್ಕೆಯ ಹಲಗೆ ಕೊಳೆತರೂ ಹೀಗೆಯೇ. ಸರ್ಕಾರಕ್ಕೆ ಅರ್ಜಿ ಬರೆಯುವವರಿಲ್ಲ. ಶನಿವಾರ ಎಲ್ಲರೂ ಸುತ್ತಿಗೆ ಹಿಡಿದು ದುಗ್ನಾದ್‌ಗೆ ಬರುತ್ತಾರೆ, ಸಂಬಳವಿಲ್ಲದ ಊರೊಟ್ಟಿನ ಕೆಲಸಕ್ಕೆ. ಸಂಜೆಗೆ ದಕ್ಕೆ ಹೊಸದು.

ಹೀಗೆ ಯಾರಿಗೂ ತೊಂದರೆ ಕೊಡದೆ ಬದುಕಿದ ಊರು ಕಾಗದದ ಮೇಲೆ ಖಾಲಿಯಾಗಿ ಕಾಣುತ್ತಿತ್ತು.

ಸಿಗ್ವೆ ಇನ್ನೊಂದು ಚಿತ್ರ ಮೂಡಿಸಿದ. ಜಿಲ್ಲೆಯ ಅರವತ್ತಮೂರು ಪ್ರದೇಶಗಳ ಸ್ಪರ್ಧಾ ಸಾಮರ್ಥ್ಯದ ಪಟ್ಟಿಯಂತೆ. ಸ್ಕಾರ್ವೊಯ ಅರವತ್ತೊಂದನೆಯದು.

"ನಮಗಿಂತ ಕೆಳಗಿರೋ ಎರಡು ಯಾವ್ದು?" ಏಡಿ ಬಿಡಿಸುವ ಟೂರಾ ಕೇಳಿದಳು. ರಗ್ನಾಳ ಶೆಡ್ಡಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿಲ್ಲ.

"ಒಂದು ದೀಪಸ್ತಂಭ ಇರೋ ಬಂಡೆ. ಇನ್ನೊಂದರಲ್ಲಿ ಈಗ ಜನ ಇಲ್ಲ."

"ಅಬ್ಬ, ಸದ್ಯ."

"ಆದ್ರೆ ನೀವು ಬೇಜಾರು ಮಾಡ್ಕೋಬೇಡಿ," ಅಂದ ಸಿಗ್ವೆ. "ನಿಮ್ಮದು ಅದ್ಭುತ ಸ್ವಾವಲಂಬನೆ. ಇಷ್ಟು ಕಡಿಮೆ ಸೇವೆಯಲ್ಲಿ ನೀವು ಇಷ್ಟು ಚೆನ್ನಾಗಿ ನಡೆಸ್ಕೊಂಡು ಹೋಗ್ತಿದೀರಿ ಅನ್ನೋದೇ..."

ರಗ್ನಾಳ ಮೈಯೆಲ್ಲ ಉರಿದುಹೋಯಿತು.

"ನಿಲ್ಲಿಸ್ರೀ," ಅಂದಳು. "ಹೊಗಳಿ ಹೊಗಳಿ ಕತ್ತು ಕುಯ್ಯೋದು ಎಲ್ಲಿ ಕಲಿತ್ರಿ? ನಲವತ್ತಮೂರು ಜನರ ಸಾಮಾನು ನಾನೊಬ್ಬಳು ಹೊತ್ಕೊಂಡು ಬರ್ತೀನಿ. ನಿಮ್ಮ ಯಂತ್ರ ಒಂದು ಅನ್ನುತ್ತೆ. ನಾನು ಹೊರದೆ ಇದ್ದಿದ್ರೆ ನಲವತ್ತಮೂರು ಅನ್ನುತ್ತಿತ್ತು. ಅಂದ್ರೆ ನಾನು ಸೋಮಾರಿ ಆಗಿದ್ದಿದ್ರೆ ಈ ಊರಿಗೆ ಬೋಟು ಉಳೀತಿತ್ತು. ಹೌದೋ ಅಲ್ವೋ?"

ಸಿಗ್ವೆ ಮತ್ತೆ ಕಾಗದ ನೋಡಿ, "ತಾಂತ್ರಿಕವಾಗಿ, ಹೌದು," ಅಂದ.

ರಗ್ನಾ ಕೂತುಬಿಟ್ಟಳು. ಅವನೇ ದಾರಿ ತೋರಿಸಿದ. ಅಕ್ಟೋಬರಿನ ಮೊದಲ ಎರಡು ವಾರ ಮತ್ತೊಮ್ಮೆ ಎಣಿಕೆ ನಡೆಯುತ್ತದೆ, ಹತ್ತು ಬೆಳಗಿನ ಬೋಟು. ಸರಾಸರಿ ಹನ್ನೆರಡು ಮುಟ್ಟಿದರೆ ಐದು ದಿನವೂ ಬೋಟು ಉಳಿಯುತ್ತದೆ. ಇಷ್ಟು ಹೇಳಿ ಅವನು ನಾಲ್ಕನೆಯ ವಾಫಲ್ ಬೇಡವೆಂದು, ವಂದನೆ ಹೇಳಿ, ಬಾಡಿಗೆ ಬೋಟಿನಲ್ಲಿ ಹೊರಟುಹೋದ.

ಹತ್ತು ಸಲಕ್ಕೆ ನೂರಿಪ್ಪತ್ತು ತಲೆ. ರಗ್ನಾ ಅಂದೇ ದಕ್ಕೆಗೆ ಹೋಗಿ ಮಳೆಕೋಟನ್ನು ಮೊಳೆಯಿಂದ ಕಿತ್ತು ಒಳಗಿಟ್ಟಳು. ಇನ್ನು ಯಾರ ಚೀಟಿಯೂ ಇಲ್ಲ. ಯಾರಿಗೆ ಏನು ಬೇಕೋ ಅವರೇ ಹೋಗಿ ತರಬೇಕು, ಒಂದು ಬೆಂಕಿಪೊಟ್ಟಣ ಬೇಕಾದರೂ.

ಕೇಳಲು ಸುಲಭ. ಆದರೆ ಈ ಊರಿನ ಜನಕ್ಕೆ ಅದು ಎಂಥ ಹಿಂಸೆ ಎಂದು ಮೊದಲ ಸೋಮವಾರವೇ ಗೊತ್ತಾಯಿತು. ಇಪ್ಪತ್ತೊಂದು ಜನ ಬೋಟು ಹತ್ತಿದರು. ಹತ್ತಿದವರು ಒಬ್ಬರ ಮುಖ ಒಬ್ಬರು ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತರು, ಏನೋ ಕದಿಯಲು ಹೊರಟವರ ಹಾಗೆ. ಟೋರ್ಫಿನ್ ಒಬ್ಬೊಬ್ಬರಿಗೂ ಯಂತ್ರ ಒತ್ತುತ್ತ, "ಈವಾರ, ನಿನಗೇನಪ್ಪ ಕೆಲಸ?" ಅಂತ ಕೇಳಿದ.

"ಒಂದು ಮೊಳೆ ತರ್ಬೇಕು."

"ಒಂದಾ?"

"ಇನ್ನೊಂದು ನಾಳೆ ತರ್ತೀನಿ."

ಪಟ್ಟಣದ ಔಷಧಿ ಅಂಗಡಿಯಲ್ಲಿ ಹನ್ನೊಂದು ಜನ ಒಬ್ಬರ ಹಿಂದೊಬ್ಬರು ನಿಂತರು. ಅಂಗಡಿಯ ಹುಡುಗಿ ಗಾಬರಿಯಾಗಿ, "ಅಯ್ಯೋ, ಯಾರಾದ್ರೂ ಹೋಗ್ಬಿಟ್ರಾ?" ಅಂದಳು. ಇಷ್ಟು ಜನ ಸ್ಕಾರ್ವೊಯದವರನ್ನು ಒಟ್ಟಿಗೆ ಅವಳು ಕಂಡದ್ದು ಸಾವಿನ ಮನೆಯಲ್ಲೇ. ಮರಳುವ ಬೋಟು ಮೂರೂವರೆಗೆ. ಅಲ್ಲಿಯವರೆಗೆ ಅಂಗಡಿಯ ಬೆಂಚು, ಗ್ರಂಥಾಲಯದ ಬೆಂಚು, ದಕ್ಕೆಯ ಬೆಂಚು. ಟೂರಾ ಮಧ್ಯಾಹ್ನ ಎರಡಕ್ಕೆ ತನ್ನ ಕೈ ನೋಡಿಕೊಳ್ಳುತ್ತ, "ಈ ಹೊತ್ತಿಗೆ ಐವತ್ತು ಏಡಿ ಬಿಡಿಸ್ತಿದ್ದೆ," ಅಂದಳು. ರಗ್ನಾ ಕೂಡ ಅದನ್ನೇ ಲೆಕ್ಕ ಹಾಕುತ್ತ ಕೂತಿದ್ದಳು.

ಯಾಕೆಂದರೆ ದ್ವೀಪದಲ್ಲಿ ಬೋಟು ಹತ್ತಬಲ್ಲವರು ಯಾರು? ಶಾಲೆಯ ಮಕ್ಕಳು, ಅವರ ಮೇಷ್ಟರು ಬಿಡಿ. ಮಲಗಿದಲ್ಲೇ ಇರುವ ಇಬ್ಬರನ್ನು ಬಿಡಿ. ಮೀನುಗಾರರು ಸಮುದ್ರದಲ್ಲಿ. ಕುರಿ ಇದ್ದವರಿಗೆ ಅದು ಕುರಿ ಒಟ್ಟುಗೂಡಿಸಿ ತರುವ ಕಾಲ. ಉಳಿದವರಲ್ಲಿ ಆರು ಜನ ರಗ್ನಾಳ ಶೆಡ್ಡಿನವರೇ, ಏಳನೆಯವಳು ಅವಳೇ. ಮೊದಲ ವಾರ ಅವಳು ಅವರನ್ನು ಅರ್ಧರ್ಧ ಮಾಡಿದಳು; ಮೂವರು ಬೋಟಿಗೆ, ಮೂವರು ಏಡಿಗೆ. ಎಂಟು ಪೆಟ್ಟಿಗೆ ನಾಲ್ಕಾಯಿತು. ಪಟ್ಟಣದಲ್ಲಿ ಅವಳ ಏಡಿ ಕೊಂಡು ಹೋಟೆಲುಗಳಿಗೆ ಹಂಚುತ್ತಿದ್ದ ಓಡ್ವಾರ್ ಮೊದಲ ದಿನ ಸುಮ್ಮನಿದ್ದ, ಎರಡನೆಯ ದಿನ ಹುಬ್ಬೇರಿಸಿದ.

ಬುಧವಾರ, ಗುರುವಾರ ಬಿರುಗಾಳಿ. ಬೋಟು ಬರಲೇ ಇಲ್ಲ. ರಗ್ನಾ ಸಿಗ್ವೆಗೆ ಫೋನು ಮಾಡಿ, ಆ ಎರಡು ದಿನ ಬಿಟ್ಟು ಲೆಕ್ಕ ಹಾಕುತ್ತೀರಲ್ಲ ಎಂದು ಕೇಳಿದಳು. ಅವನು ತುಂಬಾ ವಿಷಾದದಿಂದ, ರದ್ದಾದ ಬೋಟಿನಲ್ಲಿ ಪ್ರಯಾಣಿಕರ ಸಂಖ್ಯೆ ಸೊನ್ನೆ ಎಂದೇ ದಾಖಲಾಗುತ್ತದೆ ಅಂದ.

"ನೀವೇ ಬೋಟು ಕಳಿಸ್ಲಿಲ್ಲ! ನಾವು ಈಜ್ಕೊಂಡು ಬರ್ಬೇಕಿತ್ತಾ?"

"ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ ರಗ್ನಾ."

"ಅರ್ಥ ಆಗೋದು ಬೇಡ. ಸಿಟ್ಟು ಬರ್ಲಿ ನಿಮಗೆ! ಒಂದ್ಸಲ ಆದ್ರೂ ಸಿಟ್ಟು ಬರ್ಲಿ!" ಅಂದು ಫೋನು ಕುಕ್ಕಿದಳು.

ಎರಡನೆಯ ವಾರದ ಬುಧವಾರದ ಹೊತ್ತಿಗೆ ತೊಂಬತ್ತಾರು ತಲೆಯಾಗಿತ್ತು. ಇನ್ನೆರಡು ದಿನದಲ್ಲಿ ಇಪ್ಪತ್ತನಾಲ್ಕು ಬೇಕು. ಜನ ಸೋತಿದ್ದರು. ಈವಾರನಿಗೆ ಬೋಟಿನ ಕುಲುಕಾಟಕ್ಕೆ ಸೊಂಟ ಹಿಡಿದಿತ್ತು. ಕುರಿಯವರು ಇನ್ನು ಬರಲಾಗದು ಅಂದಿದ್ದರು. ಆ ಸಂಜೆ ಓಡ್ವಾರ್ ಫೋನು ಮಾಡಿದ.

"ಶುಕ್ರವಾರಕ್ಕೆ ನಾನೂರು ಚಿಪ್ಪು ಬೇಕು ರಗ್ನಾ. ದೊಡ್ಡ ಹೋಟೆಲಿಂದು. ಆಗುತ್ತೆ ಅಂತ ಹೇಳ್ಬಿಟ್ಟಿದೀನಿ."

ನಾನೂರು ಚಿಪ್ಪೆಂದರೆ ಆರೂ ಜನ ಆ ರಾತ್ರಿಯಿಂದ ಶುಕ್ರವಾರದ ಬೋಟಿನವರೆಗೆ ಎದ್ದೇಳದೆ ಕೂರಬೇಕು. ಆರು ಜನ ಕೂತರೆ ಬೋಟಿಗೆ ತಲೆ ಸಾಲದು. ರಗ್ನಾ ಫೋನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಎರಡು ಸುತ್ತು ಬಂದಳು.

"ಮುಂದಿನ ವಾರ ಕೊಡ್ತೀನಿ ಓಡ್ವಾರ್. ಸೋಮವಾರದಿಂದ ಎಷ್ಟು ಬೇಕೋ ಅಷ್ಟು. ಈ ಎರಡು ದಿನ ನನ್ನ ಬಿಟ್ಬಿಡು."

"ಹೋದ ವಾರಾನೂ ಅರ್ಧ ಕೊಟ್ಟೆ."

"ಬೋಟು ಉಳಿಸ್ಕೋಬೇಕಲ್ಲ ಮಾರಾಯ! ಬೋಟು ಹೋದ್ರೆ ನಿನಗೆ ಏಡಿಯ ಒಂದು ಕಾಲೂ ಸಿಗಲ್ಲ."

"ಅದೇ ನಾನು ಹೇಳ್ತಿರೋದು," ಅಂದ ಓಡ್ವಾರ್, ಬೇಸರದಲ್ಲಿ. "ಬೋಟು ಇರುತ್ತೋ ಇಲ್ವೋ ಅಂತ ಪೇಪರಲ್ಲೂ ಬಂತು. ದಕ್ಷಿಣದಲ್ಲಿ ಹೊಸ ಕಾರ್ಖಾನೆ ಇದೆ, ಸೇತುವೆ ಪಕ್ಕ. ಮಿಷನ್ನಲ್ಲಿ ಬಿಡಿಸ್ತಾರೆ, ನಿಜ, ನಿನ್ನ ಏಡಿ ರುಚಿ ಅದಕ್ಕಿಲ್ಲ. ಆದ್ರೆ ಬೆಳಿಗ್ಗೆ ಆರಕ್ಕೆ ಲಾರಿ ಬಂದು ನಿಲ್ಲುತ್ತೆ. ಗಾಳಿ ಇರ್ಲಿ, ಮಳೆ ಇರ್ಲಿ. ಹನ್ನೊಂದು ವರ್ಷ ನಿನ್ನ ಗಾಳಿಗೆ ಕಾದಿದೀನಿ ನಾನು. ಶುಕ್ರವಾರ ಕೊಡ್ತೀಯೋ, ಇಲ್ವೋ?"

ಅವಳ ಮುಂದೆ ಇದ್ದದ್ದು ಇಷ್ಟೇ. ಏಡಿ ಕೊಟ್ಟರೆ ಬೋಟು ಹೋಗುತ್ತದೆ. ನವೆಂಬರಿನಿಂದ ಏಡಿಯೂ ಇಲ್ಲ. ಬೋಟು ಉಳಿಸಿಕೊಂಡರೆ ಓಡ್ವಾರ್ ಹೋಗಬಹುದು, ಹೋಗದೆಯೂ ಇರಬಹುದು. ಹನ್ನೊಂದು ವರ್ಷದ ಗೆಳೆತನ, ಒಂದು ವಾರ ತಡೆದಾನು. ಹಾಗೆಂದು ನಂಬಿಕೊಂಡು, "ಇಲ್ಲ," ಅಂದಳು. ಆ ರಾತ್ರಿ ಅವಳು ಬೇಯಿಸುವ ಹಂಡೆಗೆ ಬೆಂಕಿ ಹಾಕಲಿಲ್ಲ.

ಗುರುವಾರ ಬೆಳಿಗ್ಗೆ ದಕ್ಕೆಯಲ್ಲಿ ಸಿಗ್ವೆ ನಿಂತಿದ್ದ. ಎಣಿಕೆ ಪರಿಶೀಲಿಸಲು ಬೆಳಗಿನ ಬೋಟಿನಲ್ಲೇ ಬಂದಿಳಿದಿದ್ದ, ಕೈಯಲ್ಲೊಂದು ಹಲಗೆ, ಹಲಗೆಗೆ ಸಿಕ್ಕಿಸಿದ ಅರ್ಜಿ. ಸರತಿಯಲ್ಲಿ ಹದಿಮೂರು ಜನ. ಶೆಡ್ಡಿನ ಆರು ಜನ, ರಗ್ನಾ, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡ ಈವಾರ, ಇನ್ನೈದು ಜನ. ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಕಾಲಂ ಇತ್ತು. ಟೂರಾ ಯೀಸ್ಟು ಅಂದಳು. ಅವಳ ಹಿಂದಿನವಳೂ ಯೀಸ್ಟು ಅಂದಳು. ಮೂರನೆಯವನು ಅಂಚೆ ಚೀಟಿ. ಈವಾರ ತುಂಬ ಗಂಭೀರವಾಗಿ, "ಮೊಳೆ. ಇದು ಏಳನೇದು," ಅಂದ.

ಸಿಗ್ವೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಪಾಪ, ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ತಪ್ಪು ತಿಳ್ಕೋಬೇಡಿ," ಅಂದ. "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೊಂದು ಜನ ಯಾಕೆ? ಒಬ್ಬರು ಹೋಗಿ ಎಲ್ಲರದ್ದೂ ತರಬಹುದಲ್ಲ?"

ಟೋರ್ಫಿನ್ ಹಗ್ಗ ಹಿಡಿದುಕೊಂಡವನು ಹಾಗೇ ನಿಂತ.

ರಗ್ನಾ ಸರತಿ ಬಿಟ್ಟು ಮುಂದೆ ಬಂದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಅಂದ್ರೆ, ದಕ್ಷತೆಯ ದೃಷ್ಟಿಯಿಂದ..."

"ಅರವತ್ತು ವರ್ಷ ಕಣ್ರೀ! ಅರವತ್ತು ವರ್ಷ ಹಾಗೇ ಮಾಡಿದ್ವಿ! ನಮ್ಮಮ್ಮ ಹೋಗಿ ಎಲ್ಲರದ್ದೂ ತಂದ್ಲು, ನಾನು ಹೋಗಿ ಎಲ್ಲರದ್ದೂ ತಂದೆ. ನೀವು ಬಂದು, ನಮ್ಮ ಹಿಟ್ಟು, ನಮ್ಮ ಜಾಮು ತಿಂದು, ಇಲ್ಲಿ ಯಾರೂ ಇಲ್ಲ ಅಂದ್ರಿ. ಸರಿ, ಇದೀವಿ ಅಂತ ತೋರಿಸೋಕೆ ಕೈಯಲ್ಲಿರೋ ಕೆಲಸ ಎಲ್ಲ ಬಿಟ್ಟು ಮೊಳೆ ತರೋಕೆ ಹೊರಟ್ರೆ, ಈಗ ದಕ್ಷತೆ ಕಲಿಸೋಕೆ ಬರ್ತೀರಾ? ನಮಗೆ? ನಾಚಿಕೆ ಆಗಲ್ವಾ?" ಅವಳು ಶೆಡ್ಡಿನ ಕಡೆ ಕೈ ತೋರಿಸಿದಳು. "ಇವತ್ತು ನನ್ನ ಶೆಡ್ಡಲ್ಲಿ ನಾನೂರು ಚಿಪ್ಪು ಆಗ್ಬೇಕಿತ್ತು. ಅದನ್ನ ಮಾಡೋ ಕೈ ಎಲ್ಲ ನಿಮ್ಮ ಮುಂದೆ ಸಾಲಾಗಿ ನಿಂತಿದಾವೆ ನೋಡಿ. ಉದ್ದೇಶ ಬೇಕಾ ನಿಮಗೆ? ಬರ್ಕೊಳಿ: ಎಣಿಸಿಕೊಳ್ಳೋಕೆ ಹೋಗ್ತಿದೀವಿ."

ಸಿಗ್ವೆ ಹಲಗೆ ನೋಡಿದ, ಸಮುದ್ರ ನೋಡಿದ. ಕೊನೆಗೆ ಅವಳ ಹೆಸರಿನ ಮುಂದೆ "ಇತರೆ" ಎಂಬ ಚೌಕದಲ್ಲಿ ಗುರುತು ಹಾಕಿದ. ಹದಿಮೂರು ಜನ ಬೋಟು ಹತ್ತಿದರು. ಶುಕ್ರವಾರ ಹದಿನಾಲ್ಕು ಜನ.

ನೂರಿಪ್ಪತ್ತಮೂರು.

ಅಕ್ಟೋಬರ್ ಮುಗಿಯುವ ಮೊದಲು ಕಾಗದ ಬಂತು. ಐದು ದಿನವೂ ಬೋಟು ಉಳಿಯುತ್ತದೆ. ಊರಮನೆಯಲ್ಲಿ ಮತ್ತೆ ವಾಫಲ್ ಸುಟ್ಟರು. ಟೋರ್ಫಿನ್ ಕುಡಿದು ಎಲ್ಲರನ್ನೂ ತಬ್ಬಿಕೊಂಡ. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು, ಅದನ್ನು ಗಟ್ಟಿಯಾಗಿ ಓದಿದವಳು ಟೂರಾ: ಎಣಿಕೆ ಇನ್ನು ಮುಂದೆ ಪ್ರತಿ ತಿಂಗಳೂ ನಡೆಯುತ್ತದೆ, ಹನ್ನೆರಡಕ್ಕಿಂತ ಕೆಳಗಿಳಿದರೆ ಮರುಪರಿಶೀಲನೆ. "ಅಂದ್ರೆ ಜೀವಮಾನ ಪೂರ್ತಿ ಮೊಳೆ ತರ್ಬೇಕಾ?" ಅಂದ ಈವಾರ. ಅವತ್ತು ನಗಲು ಯಾರಿಗೂ ಮನಸ್ಸು ಬರಲಿಲ್ಲ.

ರಗ್ನಾ ಆ ಸಂಭ್ರಮಕ್ಕೆ ಬಂದಿರಲಿಲ್ಲ. ಎಣಿಕೆ ಮುಗಿದ ಮರು ಸೋಮವಾರವೇ ಎಂಟು ಪೆಟ್ಟಿಗೆ ತುಂಬಿಸಿ, ಈ ಸಲ ಒಂದೊಂದಕ್ಕೂ ಚೀಟಿ ಹರಿಸಿ ಕಳಿಸಿದ್ದಳು. ಎಂಟೂ ಸಂಜೆಯ ಬೋಟಿಗೆ ಹಿಂದಿರುಗಿ ಬಂದವು. ಓಡ್ವಾರ್ ಸೇತುವೆಯ ಕಾರ್ಖಾನೆಗೆ ಎರಡು ವರ್ಷಕ್ಕೆ ಸಹಿ ಹಾಕಿಬಿಟ್ಟಿದ್ದ. ಫೋನಿನಲ್ಲಿ ಅವನು ಅತ್ತೇ ಬಿಟ್ಟ, ಆದರೆ ಸಹಿ ಸಹಿಯೇ. ಅವಳು ಇನ್ನು ನಾಲ್ಕು ಪಟ್ಟಣಗಳಿಗೆ ಫೋನು ಮಾಡಿದಳು. ಎಲ್ಲರೂ ಮೊದಲು ಕೇಳಿದ್ದು ಒಂದೇ, ನಿಮ್ಮ ಕಡೆ ಬೋಟು ಗ್ಯಾರಂಟಿಯಾ? ಪ್ರತಿ ತಿಂಗಳೂ ಎಣಿಸುವ ಬೋಟಿಗೆ ಅವಳು ಏನೆಂದು ಗ್ಯಾರಂಟಿ ಕೊಡುವುದು? ಕ್ರಿಸ್‌ಮಸ್‌ಗೆ ಮೊದಲು ಶೆಡ್ಡಿಗೆ ಬೀಗ ಬಿತ್ತು.

ಬಿಡಿಸುವ ಆರು ಕೈ ಎಷ್ಟು ದಿನ ಖಾಲಿ ಕೂರುತ್ತವೆ? ಮೊದಲು ಟೂರಾ ಪಟ್ಟಣದ ಅಂಗಡಿಯೊಂದರ ಮೀನಿನ ಕೌಂಟರಿಗೆ ಸೇರಿದಳು. ಮಿಷನ್ನಿನಲ್ಲಿ ಬಿಡಿಸಿದ ಏಡಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವುದೇ ಅವಳ ಕೆಲಸ. "ಒಳಗೆ ಚಿಪ್ಪಿನ ಚೂರು ಇರುತ್ತೆ ಕಣೇ," ಅಂದಳು ರಗ್ನಾಳಿಗೆ, "ಗಿರಾಕಿಗಳಿಗೆ ಹಲ್ಲಿಗೆ ಸಿಕ್ಕಿದ್ರೆ ತಾಜಾ ಅಂತ ಅಂದ್ಕೋತಾರೆ." ಇನ್ನಿಬ್ಬರು ಹೋಟೆಲಿನ ಹಾಸಿಗೆ ಬದಲಾಯಿಸಲು ಹೋದರು. ಮೂವರು ವೃದ್ಧಾಶ್ರಮದ ಅಡುಗೆಮನೆಗೆ. ಏಡಿ ಮಾರಲಾಗದ ಮೂವರು ಮೀನುಗಾರರಲ್ಲಿ ಇಬ್ಬರು ದೋಣಿ ದಡಕ್ಕೆ ಎಳೆದು, ಪಟ್ಟಣದ ಗೋದಾಮಿಗೆ ಸೇರಿದರು. ಬೆಳಿಗ್ಗೆ ಏಳಕ್ಕೆ ಎಲ್ಲರೂ ಬೋಟಿನಲ್ಲಿ, ಸಂಜೆ ಐದಕ್ಕೆ ವಾಪಸು. ಉಳಿದವರ ಮೊಳೆ, ಯೀಸ್ಟು ಸೇರಿ ದಿನಕ್ಕೆ ಹದಿನಾರು, ಹದಿನೇಳು. ಟೋರ್ಫಿನ್ನನ ಬೆರಳಿಗೆ ಬಿಡುವಿಲ್ಲ. ಟೂರಾ ಪಟ್ಟಣದಲ್ಲೇ ಒಂದು ಬಾಡಿಗೆ ಮನೆ ನೋಡುತ್ತಿದ್ದಾಳೆಂಬ ಮಾತೂ ಇತ್ತು. ರಗ್ನಾ ಅದನ್ನು ಅವಳ ಹತ್ತಿರ ಎತ್ತಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ರಗ್ನಾ ಶೆಡ್ಡಿನ ಬೀಗ ತೆಗೆದು ಒಳಗೆ ಹಂಡೆ ತಿಕ್ಕುತ್ತಿದ್ದಳು. ಅದನ್ನು ಮಾರಲು ಇಟ್ಟಿದ್ದಳು, ಕೊಳ್ಳುವವರು ನೋಡಲು ಬರುವವರಿದ್ದರು. ಫೋನು ಬಂತು. ಸಿಗ್ವೆ. ದನಿಯಲ್ಲಿ ಹಬ್ಬದ ಸಡಗರ.

"ರಗ್ನಾ, ನಿಮಗೇ ಮೊದಲು ಹೇಳ್ಬೇಕು ಅಂತ ಮಾಡ್ದೆ. ಹೊಸ ಪಟ್ಟಿ ಬಂತು. ಸ್ಕಾರ್ವೊಯ ನಲವತ್ತೆರಡನೇ ಸ್ಥಾನ! ಹತ್ತೊಂಬತ್ತು ಸ್ಥಾನ ಮೇಲೆ! ಪ್ರಯಾಣಿಕರು, ದುಡಿಮೆಗೆ ಓಡಾಡೋರು, ಸಂಪರ್ಕ, ಎಲ್ಲದರಲ್ಲೂ ಏರಿಕೆ. ಇಡೀ ಜಿಲ್ಲೇಲಿ ಇಷ್ಟು ಬೇಗ ಯಾರೂ ಮೇಲೆ ಬಂದಿಲ್ಲ."

ರಗ್ನಾ ತಿಕ್ಕುವ ಬ್ರಶ್ಶು ಕೆಳಗಿಟ್ಟಳು.

"ವರದೀಲಿ ನಿಮ್ಮ ಊರಿನ ಬಗ್ಗೆ ಅರ್ಧ ಪುಟ ಹಾಕ್ತಿದೀವಿ, ಬೇರೆ ದೂರದ ಊರುಗಳಿಗೆ ಮಾದರಿ ಆಗ್ಲಿ ಅಂತ. ನಿಮ್ಮ ಬಾಯಿಂದಾನೇ ಒಂದು ಮಾತು ಬೇಕಿತ್ತು. ಇದನ್ನ ಹೇಗೆ ಸಾಧಿಸಿದ್ರಿ? ಏನು ಮಾಡಿದ್ರಿ?"

"ಪೆನ್ನು ಇದೆಯಾ?" ಅಂದಳು ರಗ್ನಾ.

"ಇದೆ, ಇದೆ. ಹೇಳಿ."

"ಕೆಲಸ ನಿಲ್ಲಿಸಿದ್ವಿ."

ಅವನು ನಕ್ಕ. ಅವಳು ನಗಲಿಲ್ಲ. ಆ ಕಡೆಯ ನಗು ತಾನಾಗಿಯೇ ನಿಲ್ಲುವವರೆಗೂ ಕಾದಳು.

"ಹಾಸ್ಯ ಅಲ್ಲ ಸಿಗ್ವೆ. ಬರ್ಕೊಳಿ. ಇಲ್ಲಿ ಆರು ಜನ ಕೂತು ಏಡಿ ಬಿಡಿಸ್ತಿದ್ರು, ಆಗ ನಾವು ಅರವತ್ತೊಂದು. ಈಗ ಆರೂ ಜನ ಊರು ಬಿಟ್ಟು ಕೂಲಿಗೆ ಹೋಗ್ತಾರೆ, ದಿನಾ, ನಿಮ್ಮ ಬೋಟಲ್ಲಿ. ಅದಕ್ಕೆ ನಲವತ್ತೆರಡು. ಮುಂದಿನ ವರ್ಷ ಅವರು ಆ ಕಡೇನೇ ಮನೆ ಮಾಡ್ತಾರೆ. ಹೋಗೋ ದಿನ ಸಾಮಾನು ಸಮೇತ ಎಲ್ಲರೂ ಒಟ್ಟಿಗೆ ಬೋಟು ಹತ್ತುತ್ತಾರಲ್ಲ, ಅವತ್ತು ಎಣಿಸೋಕೆ ಮರೀಬೇಡಿ. ಅವತ್ತು ನಾವು ಒಂದನೇ ಸ್ಥಾನಕ್ಕೆ ಬರ್ತೀವಿ."